ನಮ್ಮ ಬದುಕಿನ ಕತೆ ನಾವೇ ಬರೆಯೋಣ

(ಗರಗದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಎದುರು ಆಡಿದ ಮಾತುಗಳ ಬರಹರೂಪ)



ಇವತ್ತು ನಾನು ವರದಕ್ಷಿಣೆಯ ವಿರುದ್ಧ ಭಾಷಣ ಮಾಡಲು ಬಂದಿಲ್ಲ. ಅಂಥ ಭಾಷಣಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ, ನಾನೂ ಬೇಕಾದಷ್ಟು ಮಾಡಿದ್ದೇನೆ. ಇವತ್ತಿನ ಕೆಲಸ ಬೇರೆ. ನಿಮ್ಮ ನಿಮ್ಮ ಬದುಕಿನ ಕತೆಯನ್ನು ನೀವೇ ಬರೆಯಬೇಕು, ಬರೆಯಲು ಬಾರದವರು ಹೇಳಿ ಬರೆಸಬೇಕು. ಅದಕ್ಕೆ ಬೇಕಾದ ನೆನಪುಗಳನ್ನು ಎಲ್ಲಿ ಹುಡುಕಬೇಕು, ಹೇಗೆ ಕೂಡಿಹಾಕಬೇಕು ಎಂಬುದನ್ನು ಮಾತಾಡೋಣ.

ಈ ವಿಷಯ ಎತ್ತಿದ ಕೂಡಲೇ ಯಾವ ಊರಿಗೆ ಹೋದರೂ ನನಗೆ ಸಿಗುವ ಉತ್ತರ ಒಂದೇ. “ನಂದೇನ ಐತ್ರೀ ಅಕ್ಕಾರ ಬರಿಯಾಕ? ಹುಟ್ಟಿದ್ನಿ, ಲಗ್ನ ಆತು, ಮಕ್ಕಳಾದುವು, ದುಡಿಯಾಕತ್ತೇನಿ. ಮುಗೀತು.” ನಾಲ್ಕು ಮಾತಿನಲ್ಲಿ ಐವತ್ತು ವರ್ಷ ಮುಗಿದುಹೋಗುತ್ತದೆ. ಅದೇ ಅಕ್ಕನನ್ನು ಸಂಜೆ ಕಟ್ಟೆಯ ಮೇಲೆ ಕೂಡಿಸಿ ಮಾತಿಗೆಳೆದರೆ ರಾತ್ರಿ ಹತ್ತಾದರೂ ಮಾತು ಮುಗಿಯುವುದಿಲ್ಲ. ಹೇಳುವುದು ಇಲ್ಲ ಎಂದಲ್ಲ. ಹೇಳಿದ್ದು ಬರೆಯುವಷ್ಟು ಬೆಲೆಯುಳ್ಳದ್ದು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಹಾಗಂತ ನಿಮ್ಮ ಬದುಕು ಬರೆಯದೇ ಉಳಿದಿದೆ ಎಂದು ತಿಳಿಯಬೇಡಿ. ಅದನ್ನು ಬೇರೆಯವರು ತಮ್ಮ ತಮ್ಮ ವಹಿಗಳಲ್ಲಿ ಎಂದೋ ಬರೆದಿಟ್ಟಿದ್ದಾರೆ. ನಿಮ್ಮ ಲಗ್ನದ ಮಾತುಕತೆಯ ದಿನ ಹಿರಿಯರು ಜಮಖಾನದ ಮೇಲೆ ಕೂತು ಯಾದಿ ಮಾಡಿದರು. ಬಂಗಾರ ಎಷ್ಟು ತೊಲೆ, ವರನ ಉಂಗುರ ಯಾರದು, ಬಟ್ಟೆ ಎಷ್ಟರದು, ಬಾಂಡೆ ಸಾಮಾನು ಏನೇನು, ಊಟದ ಖರ್ಚು ಯಾರ ತಲೆಯ ಮೇಲೆ ಎಂದೆಲ್ಲ ಬರೆದರು. ರೊಕ್ಕದ ಮಾತು ಮಾತ್ರ ಎಷ್ಟೋ ಸಲ ಆ ಕಾಗದಕ್ಕೆ ಬರುವುದಿಲ್ಲ, ಅದು ಹಿತ್ತಲಲ್ಲಿ ನಿಂತು ಕಿವಿಯಲ್ಲಿ ಆಡುವ ಮಾತು. ನಿಮ್ಮ ಹೆಸರು ‘ಚಿ. ಸೌ.’ ಎಂದು ಮೇಲೆ ಒಂದು ಸಲ ಬಂತು. ಯಾದಿ ಯಾರದೋ ಅಂಗಿಯ ಕಿಸೆಗೆ ಹೋಯಿತು. ಲಗ್ನದ ದಿನ ಹಂದರದಲ್ಲಿ ಒಬ್ಬರು ನೋಟುಬುಕ್ಕು ಹಿಡಿದು ಆಯೇರಿ ಬರೆದರು. ಇಂಥ ಊರಿನ ಇಂಥವರಿಂದ ಐವತ್ತೊಂದು ರೂಪಾಯಿ, ಇಂಥವರಿಂದ ಒಂದು ಕೊಡ. ಆ ನೋಟುಬುಕ್ಕನ್ನು ಮಾತ್ರ ಮನೆಯವರು ಜೋಪಾನವಾಗಿ ಇಟ್ಟುಕೊಂಡರು, ಮುಂದೆ ಅವರ ಮನೆಯ ಲಗ್ನಕ್ಕೆ ತಿರುಗಿ ಕೊಡಬೇಕಲ್ಲ! ಎರಡೂ ಲೆಕ್ಕಗಳಲ್ಲಿ ಲಗ್ನವಾದ ಹುಡುಗಿಯ ಮಾತು ಒಂದೂ ಇಲ್ಲ.

ಇನ್ನು ನಮ್ಮ ಸಂಘದ ಪುಸ್ತಕಗಳಿಗೆ ಬರುತ್ತೇನೆ. ಹೇಳಿದರೆ ಸಿಟ್ಟಾಗಬೇಡಿ. ನಮ್ಮ ರಾಜ್ಯದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಯಲ್ಲಿ ಹೆಣ್ಣುಮಕ್ಕಳು ಲೆಕ್ಕ ಬರೆಯಲು ಕಲಿತರು. ನಡಾವಳಿ ಪುಸ್ತಕ, ಉಳಿತಾಯದ ಪುಸ್ತಕ, ಸಾಲದ ಪುಸ್ತಕ ಎಲ್ಲವನ್ನೂ ನೀವೇ ಬರೆಯುತ್ತೀರಿ. ದೊಡ್ಡ ಮಾತು ಅದು. ಆದರೆ ಸಾಲದ ಪುಸ್ತಕದಲ್ಲಿ ‘ಸಾಲದ ಉದ್ದೇಶ’ ಎಂಬ ಒಂದು ಕಲಂ ಇದೆಯಲ್ಲ, ಅದನ್ನು ತೆಗೆದು ನೋಡಿ. ಎಮ್ಮೆ ಖರೀದಿ. ಹೊಲಿಗೆ ಯಂತ್ರ. ಮನೆ ರಿಪೇರಿ. ಆಡು ಸಾಕಣೆ. ನಾನು ಹಲವು ಊರುಗಳ ಪುಸ್ತಕ ನೋಡಿದವಳು. ಎಮ್ಮೆ ಎಂದು ಬರೆದ ಕಡೆಗೆ ಎಷ್ಟೋ ಸಲ ಎಮ್ಮೆ ಇರುವುದಿಲ್ಲ, ಮಗಳ ಲಗ್ನ ಇರುತ್ತದೆ. ಅಳಿಯನ ಗಾಡಿಗೆ ಕಡಿಮೆ ಬಿದ್ದ ರೊಕ್ಕ ಇರುತ್ತದೆ. ಬಾಣಂತನ ಮುಗಿಸಿ ಹೊರಟ ಮಗಳ ಕೈಯಲ್ಲಿ ಹಾಕಿ ಕಳಿಸಬೇಕಾದ ಬಳೆ ಇರುತ್ತದೆ. ಕೇಳಿದರೆ, “ವರದಕ್ಷಿಣಿಗೆ ಅಂತ ಬರದರ ಬ್ಯಾಂಕಿನವರು ಕೊಡತಾರೇನ್ರೀ?” ಎನ್ನುತ್ತೀರಿ. ನಿಜ, ಕೊಡುವುದಿಲ್ಲ. ಆದರೆ ಮುಂದೆ ಆ ಮಗಳಿಗೆ ಏನಾದರೂ ಆಗಿ, ಎಷ್ಟು ಕೊಟ್ಟಿದ್ದಿರಿ, ಯಾವಾಗ ಕೊಟ್ಟಿರಿ ಎಂದು ಯಾರಾದರೂ ಕೇಳಿದ ದಿನ ನಮ್ಮದೇ ಸಂಘದ ಪುಸ್ತಕ, ನಮ್ಮದೇ ಅಕ್ಷರದಲ್ಲಿ, ಎಮ್ಮೆ ಎನ್ನುತ್ತದೆ.

ಎಲ್ಲಕ್ಕಿಂತ ಕೊನೆಯ ವಹಿ ಎಂದರೆ ಠಾಣೆಯದು, ದವಾಖಾನೆಯದು. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದಲ್ಲಿ ಸುಟ್ಟಗಾಯಗಳಿಂದ ಸತ್ತ ವಿವಾಹಿತೆಯರ ಪ್ರಕರಣಗಳ ಬೆನ್ನುಹತ್ತಿದಾಗ ದಾಖಲೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ‘ಆಕಸ್ಮಿಕ’, ‘ಸ್ಟೋ ಸಿಡಿದು’ ಎಂಬ ಮಾತುಗಳು. ಸ್ಟೋ ಸಿಡಿದದ್ದನ್ನು ಹೇಳಿದವರು ಮನೆಯವರು, ಬರೆದುಕೊಂಡವರು ಠಾಣೆಯವರು. ಸತ್ತವಳದೊಂದು ಮಾತು ಬೇಕೆಂದರೆ ಎಲ್ಲಿದೆ?

ಬರೆದಿಟ್ಟಿದ್ದರೆ ಸಾಕಾಗುತ್ತಿತ್ತೇ? ಅದೂ ಅಷ್ಟು ಸರಳವಲ್ಲ. ಕಾನೂನು ಓದುವವರೆಲ್ಲ ಓದುವ ಒಂದು ಮೊಕದ್ದಮೆ ಇದೆ, ಶರದ್ ಬಿರ್ದಿಚಂದ್ ಸಾರ್ಡಾ ಮೊಕದ್ದಮೆ ಎನ್ನುತ್ತಾರೆ. ಪುಣೆಯ ಸಂಗತಿ. 1982ರ ಫೆಬ್ರವರಿಯಲ್ಲಿ ಲಗ್ನವಾದ ಹುಡುಗಿ ಜೂನ್ ತಿಂಗಳಲ್ಲಿ ವಿಷದಿಂದ ಸತ್ತಿದ್ದಳು. ಆ ನಾಲ್ಕು ತಿಂಗಳಲ್ಲಿ ತನ್ನ ಸಹೋದರಿಗೆ, ಗೆಳತಿಗೆ ದುಃಖ ತೋಡಿಕೊಂಡು ಪತ್ರ ಬರೆದಿದ್ದಳು. ಕೆಳಗಿನ ಕೋರ್ಟು ಗಂಡನಿಗೆ ಗಲ್ಲು ವಿಧಿಸಿತು, ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 1984ರಲ್ಲಿ ಸುಪ್ರೀಂ ಕೋರ್ಟು ಸತ್ತವಳ ಇಂಥ ಪತ್ರಗಳನ್ನು ಸಾಕ್ಷ್ಯವಾಗಿ ನೋಡಬಹುದು ಎಂದು ಹೇಳಿತು. ನಮಗೆ ಅದು ದೊಡ್ಡ ಆಸರೆಯ ಮಾತು. ಆದರೆ ಅದೇ ಪತ್ರಗಳಲ್ಲಿದ್ದ ದುಃಖವನ್ನು ನೋಡಿ, ಈಕೆ ತಾನೇ ಜೀವ ಕಳೆದುಕೊಂಡಿರಲೂಬಹುದು ಎಂದು ಸಂಶಯದ ಲಾಭ ಕೊಟ್ಟು ಗಂಡನನ್ನು ಬಿಟ್ಟಿತು. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ವಕೀಲರಿಗಿರಲಿ. ನನಗೆ ಕಾಡುವುದು ಬೇರೆ. ಬರೆದವಳು ಇಲ್ಲ ಎಂದಾದ ಮೇಲೆ ಅವಳು ಬರೆದದ್ದಕ್ಕೆ ಅರ್ಥ ಹೇಳುವವರು ಬೇರೆಯವರು. ಅದಕ್ಕೇ ನಾನು ಹೇಳುವುದು, ಸಾಯುವ ಹೊತ್ತಿನ ಹೇಳಿಕೆಯಾಗಿ ಅಲ್ಲ, ಬದುಕಿರುವಾಗ ಬದುಕಿನ ಲೆಕ್ಕವಾಗಿ ಬರೆಯಿರಿ. ನೀವು ಬರೆದದ್ದರ ಅರ್ಥ ಕೇಳಿದರೆ ಹೇಳಲು ನೀವೇ ಇರಬೇಕು.

ಹೆಂಗಸರು ಬರೆದಿಲ್ಲವೇ? ಬರೆದಿದ್ದಾರೆ, ಎಂಥ ಕಷ್ಟದಲ್ಲಿ ಬರೆದಿದ್ದಾರೆ! ಬಂಗಾಳದ ರಾಸಸುಂದರಿ ದೇವಿ ಹನ್ನೆರಡನೆಯ ವಯಸ್ಸಿಗೆ ಲಗ್ನವಾಗಿ ಬಂದವಳು. ಹೆಂಗಸು ಓದಿದರೆ ಗಂಡ ಸಾಯುತ್ತಾನೆ ಎಂದು ಜನ ನಂಬಿದ್ದ ಕಾಲ. ಆಕೆ ಒಂದು ಧರ್ಮಗ್ರಂಥದಿಂದ ಒಂದು ಹಾಳೆ ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟಳು. ಮಗ ಬರೆದ ತಾಳೆಗರಿಯೊಂದನ್ನೂ ಅದರ ಜೊತೆಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಒಲೆಯ ಮುಂದೆ ಕೂತು, ಯಾರಿಗೂ ತಿಳಿಯದಂತೆ ಓದಲು ಕಲಿತಳು. 1876ರಲ್ಲಿ ಆಕೆಯ ಆತ್ಮಕತೆ ‘ಆಮಾರ್ ಜೀಬನ್’ ಅಚ್ಚಾಯಿತು. ಬಂಗಾಳಿ ಭಾಷೆಯ ಮೊದಲ ಆತ್ಮಕತೆ ಎಂದು ಅದನ್ನೇ ಹೇಳುತ್ತಾರೆ. ಗಂಡಸರದಲ್ಲ, ಹನ್ನೆರಡು ಮಕ್ಕಳನ್ನು ಹೆತ್ತು ಅಡುಗೆಮನೆಯಲ್ಲೇ ಕಾಲ ಕಳೆದ ಹೆಂಗಸಿನದು.

ನಮ್ಮ ಕನ್ನಡದಲ್ಲಿ ವಿಜಯಮ್ಮನವರ ‘ಕುದಿ ಎಸರು’ ಇದೆ. ಪತ್ರಕರ್ತೆ, ನಾಟಕದ ಕೆಲಸದಲ್ಲಿ ತೊಡಗಿಕೊಂಡವರು, ಹೊರಗೆ ಎಷ್ಟೋ ಜನಕ್ಕೆ ಗೊತ್ತಿದ್ದವರು. ಅವರು ದಾಂಪತ್ಯದೊಳಗೆ ಅನುಭವಿಸಿದ ಹಿಂಸೆಯನ್ನು ಮುಚ್ಚಿಡದೆ ಬರೆದರು. 2019ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರನ್ನೇ ನೋಡಿ, ಅಕ್ಕಿ ಹಾಕುವ ಮೊದಲು ಕುದಿಯುವ ನೀರು. ಒಲೆಯ ಮುಂದೆ ನಿಂತ ಯಾವ ಹೆಂಗಸಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅವರೆಲ್ಲ ಓದಿದವರು ಎನ್ನುವಿರಾದರೆ ಬೇಬಿ ಹಾಲ್ದಾರ್ ಎಂಬಾಕೆಯ ಕತೆ ಕೇಳಿ. ಚಿಕ್ಕ ಹುಡುಗಿಯಾಗಿದ್ದಾಗಲೇ ತನಗಿಂತ ಬಹಳ ದೊಡ್ಡವನ ಕೈಗೆ ಬಿದ್ದವಳು. ಹೊಡೆತ ತಾಳದೆ ಮೂವರು ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿ ದಿಲ್ಲಿಯ ಕಡೆಗೆ ಬಂದು ಮನೆಗೆಲಸ ಮಾಡಿದಳು. ಕೆಲಸಕ್ಕಿದ್ದ ಮನೆಯ ಯಜಮಾನರು, ಪ್ರಬೋಧ್ ಕುಮಾರ್ ಎಂಬ ಪ್ರಾಧ್ಯಾಪಕರು, ಈಕೆ ಪುಸ್ತಕಗಳ ಧೂಳು ಒರೆಸುತ್ತ ಅವುಗಳನ್ನೇ ನೋಡುತ್ತಿದ್ದುದನ್ನು ಕಂಡು ಒಂದು ನೋಟುಬುಕ್ಕು, ಪೆನ್ನು ಕೊಟ್ಟು ನಿನ್ನ ಕತೆ ಬರಿ ಎಂದರು. 2002ರಲ್ಲಿ ‘ಆಲೋ ಆಂಧಾರಿ’ ಪುಸ್ತಕವಾಗಿ ಬಂತು, ಮುಂದೆ ಎಷ್ಟೋ ಭಾಷೆಗಳಿಗೆ ಹೋಯಿತು. ಉತ್ತರ ಪ್ರದೇಶದ ಸೀತಾಪುರ ಜಿಲ್ಲೆಯಲ್ಲಿ ಹಳ್ಳಿಗಳಲ್ಲಿ ಸಂಘಟನೆ ಮಾಡುತ್ತಿದ್ದ ಏಳು ಜನ ಹೆಣ್ಣುಮಕ್ಕಳು ತಮ್ಮ ತಮ್ಮ ಬಾಲ್ಯ, ಲಗ್ನ, ಮಕ್ಕಳು, ಜಾತಿ, ಎಲ್ಲವನ್ನೂ ಡೈರಿಯಲ್ಲಿ ಬರೆದು ಒಬ್ಬರ ಮುಂದೆ ಒಬ್ಬರು ಓದಿದರು. ಅದು 2004ರಲ್ಲಿ ‘ಸಂಗತಿನ್ ಯಾತ್ರಾ’ ಎಂಬ ಪುಸ್ತಕವಾಯಿತು. ಸಂಗತಿನ್ ಎಂದರೆ ಅವರ ಮಾತಿನಲ್ಲಿ ಗೆಳತಿ. ಇವತ್ತು ಈ ಸಭೆಯಲ್ಲಿ ಕೂತವರಿಗೆ ಎಲ್ಲರಿಗಿಂತ ಹತ್ತಿರದವರು ಆ ಏಳು ಜನ ಎಂದು ನನಗನ್ನಿಸುತ್ತದೆ.

ನಮ್ಮ ಅವ್ವಂದಿರು ಕಾಗದದ ಮೇಲೆ ಬರೆಯಲಿಲ್ಲ, ಬೀಸುವ ಕಲ್ಲಿನ ಮುಂದೆ ಹೇಳಿದರು. ಹಲಸಂಗಿಯ ಗೆಳೆಯರು ಈ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಒಳ್ಳೆಯ ಕೆಲಸ, ಇಲ್ಲವಾದರೆ ಅಷ್ಟೂ ಹೋಗಿಬಿಡುತ್ತಿತ್ತು. ಗರತಿ ಎಂಬ ಹೆಸರು ಮಾತ್ರ ನನಗೆ ಸ್ವಲ್ಪ ಚುಚ್ಚುತ್ತದೆ. ಗರತಿ ಅನ್ನಿಸಿಕೊಳ್ಳದವರೂ ಬೀಸುತ್ತಿದ್ದರಲ್ಲ? ಇರಲಿ. ನಸುಕಿನ ನಾಲ್ಕು ಗಂಟೆಗೆ ಮನೆಯವರೆಲ್ಲ ಮಲಗಿರುವಾಗ ಅತ್ತೆಯ ಮೇಲಿನ ಸಿಟ್ಟು, ತವರಿನ ಆಸೆ, ಅಣ್ಣ ಬರಲಿಲ್ಲ ಎಂಬ ನೋವು ಹಾಡಿನ ಮುಸುಕಿನಲ್ಲಿ ಹೊರಗೆ ಬರುತ್ತಿತ್ತು. ಕೇಳಿಸಿಕೊಂಡರೂ ಹಾಡಲ್ಲವೇ ಎಂದು ಸುಮ್ಮನಾಗುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂತು, ರಟ್ಟೆಯ ನೋವು ತಪ್ಪಿತು. ಗಿರಣಿ ಬೇಡ ಎಂದು ನಾನು ಹೇಳುವವಳಲ್ಲ. ಆದರೆ ಆ ಒಂದು ತಾಸಿನ ಮಾತು ಎಲ್ಲಿಗೆ ಹೋಯಿತು ಎಂದು ಯಾರೂ ವಿಚಾರಿಸಲಿಲ್ಲ.

ಈಗ ನೆನಪು ಹುಡುಕುವ ಮಾತಿಗೆ ಬರೋಣ. ಹುಟ್ಟಿದ ದಿನದಿಂದ ಶುರುಮಾಡಬೇಡಿ. ‘ನಾನು ಇಂಥ ಊರಿನಲ್ಲಿ ಇಂಥವರ ಮಗಳಾಗಿ ಹುಟ್ಟಿದೆ’ ಎಂದು ಶುರುಮಾಡಿದವರು ಮೂರನೆಯ ಸಾಲಿಗೆ ನಿಂತುಬಿಡುವುದನ್ನು ನಾನು ಬಹಳ ನೋಡಿದ್ದೇನೆ. ತಲೆಯನ್ನು ಕೇಳಿದರೆ ನೆನಪು ಬರುವುದಿಲ್ಲ, ವಸ್ತುವನ್ನು ಕೈಯಲ್ಲಿ ಹಿಡಿದರೆ ಬರುತ್ತದೆ. ಮನೆಗೆ ಹೋಗಿ ನಿಮ್ಮ ಹಳೆಯ ಕೌದಿ ತೆಗೆದು ತೊಡೆಯ ಮೇಲೆ ಹಾಸಿಕೊಳ್ಳಿ. ಒಂದೊಂದು ತುಂಡಿನ ಮೇಲೆ ಬೆರಳಿಡಿ. ಇದು ಅವ್ವನ ಸೀರೆ. ಇದು ನನ್ನ ಸೀಮಂತಕ್ಕೆ ಉಟ್ಟದ್ದು. ಇದು ಉಳಿಯದೇ ಹೋದ ಕೂಸಿನ ಅಂಗಿ. ಇದು ಖಣದ ಕುಪ್ಪಸ, ತೋಳು ಹರಿದದ್ದು. ಹೇಗೆ ಹರಿಯಿತು? ಅಲ್ಲಿ ನಿಲ್ಲಿ. ಅದೇ ನಿಮ್ಮ ಮೊದಲನೆಯ ಪುಟ.

ಬಾಂಡೆಗಳನ್ನು ತಿರುವಿ ನೋಡಿ. ಕೊಡ, ತಂಬಿಗೆ, ಗಂಗಾಳದ ಮೇಲೆ ಕೊಟ್ಟವರ ಹೆಸರು ಕೆತ್ತಿಸಿರುತ್ತಾರೆ. ಯಾವುದು ಇನ್ನೂ ಮನೆಯಲ್ಲಿದೆ, ಯಾವುದು ಒತ್ತೆ ಹೋಯಿತು, ಯಾವುದನ್ನು ನಾದಿನಿಯ ಲಗ್ನಕ್ಕೆ ಎತ್ತಿ ಕೊಟ್ಟರು? ಬಂಗಾರದ್ದೂ ಹಾಗೆಯೇ. ಯಾವ ಬರಗಾಲಕ್ಕೆ, ಯಾರ ದವಾಖಾನೆಗೆ, ಯಾವ ಸಾಲಕ್ಕೆ ಕೊರಳಿಂದ ಇಳಿಯಿತು? ಇಲ್ಲಿ ಒಂದು ಕಾನೂನಿನ ಮಾತನ್ನು ಹೇಳಿಬಿಡುತ್ತೇನೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಅದರ ಕೆಳಗೆ 1985ರಲ್ಲಿ ಮಾಡಿದ ನಿಯಮಗಳ ಪ್ರಕಾರ ಲಗ್ನದಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕು. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರ ಹೆಸರು, ಅವರು ಹೇಗೆ ಸಂಬಂಧಿಕರು, ಇಷ್ಟೆಲ್ಲ ಬರೆದು ಮದುಮಕ್ಕಳು ಸಹಿ ಹಾಕಬೇಕು. ಮದುಮಗಳಿಗೆ ಬಂದದ್ದರ ಪಟ್ಟಿಯನ್ನು ಇಟ್ಟುಕೊಳ್ಳಬೇಕಾದವಳು ಮದುಮಗಳೇ. ಆಯೇರಿ ಬರೆಯುವ ಪದ್ಧತಿ ಇದ್ದೇ ಇದೆ, ಆ ನೋಟುಬುಕ್ಕು ಹುಡುಗಿಯ ಕೈಗೂ ಬರಲಿ ಎಂಬುದಷ್ಟೇ. ನಿಮ್ಮ ಮಗಳ ಲಗ್ನದಲ್ಲಿ ಇದನ್ನು ಮಾಡಿಸಿ. ನಿಮ್ಮ ಲಗ್ನದ್ದನ್ನು ಈಗ ನೆನಪಿನಿಂದ ಬರೆಯಿರಿ.

ತಾರೀಖು ನೆನಪಿಲ್ಲ ಎನ್ನುತ್ತೀರಿ. ನನಗೂ ಅರ್ಜಿ ಬರೆದುಕೊಡುವಾಗ ಬಹಳ ತೊಡಕಾಗುವುದು ಇದೇ. ಠಾಣೆಯಲ್ಲಿ ಎಂದು, ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. ಹೆಣ್ಣುಮಕ್ಕಳ ನೆನಪು ಹಾಗೆ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಒಮ್ಮೆ ಒಬ್ಬಾಕೆ ಬಂದಿದ್ದಳು, ಲಗ್ನವಾಗಿ ಐದಾರು ವರ್ಷವಾಗಿತ್ತು. ಯಾವಾಗಿನಿಂದ ಕಾಟ ಎಂದು ಕೇಳಿದರೆ “ಮೊದಲಿನಿಂದ” ಎಂದಳು, ಅದರ ಮುಂದೆ ಮಾತೇ ಇಲ್ಲ. ಆಗ ಪಂಚಮಿಗಳನ್ನು ಎಣಿಸಲು ಕೂತೆವು. ಮೊದಲನೆಯ ಪಂಚಮಿಗೆ ಅಣ್ಣ ಕರೆಯಲು ಬಂದ, ಹೊಸ ಸೀರೆ ಉಟ್ಟು ಹೋದಳು, ಜೋಕಾಲಿ ಆಡಿದಳು. ಎರಡನೆಯದಕ್ಕೆ ಹೊಟ್ಟೆಯಲ್ಲಿದ್ದಳು, ಉಂಡಿ ಮಾತ್ರ ಬಂದವು. ಮೂರನೆಯದಕ್ಕೆ ಅಣ್ಣ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಅತ್ತೆ “ಉಳದಿದ್ದ ಬಂಗಾರ ಮೊದಲ ತರ್ರಿ, ಆಮ್ಯಾಲ ತಂಗೀನ ಕರಕೊಂಡ ಹೋಗ್ರಿ” ಎಂದಳು. ನಾಲ್ಕನೆಯದಕ್ಕೆ ಅಣ್ಣ ಬರಲೇ ಇಲ್ಲ. ಐದನೆಯದಕ್ಕೆ ತಾನೇ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದಳು, ಬೆನ್ನ ಮೇಲೆ ಬಾಸುಂಡೆ ಇದ್ದವು. ನೋಡಿ, ಐದು ಪಂಚಮಿಯಲ್ಲಿ ಇಡೀ ಸಂಸಾರ ಬಂತು. ಎಲ್ಲಿ ಶುರುವಾಯಿತು, ಏತಕ್ಕೆ ಶುರುವಾಯಿತು ಎಂಬುದು ಅವಳಿಗೇ ಆಗ ಮೊದಲ ಸಲ ಸ್ಪಷ್ಟವಾಯಿತು. ಹೊಡೆತಕ್ಕಿಂತ ಎರಡು ವರ್ಷ ಮೊದಲೇ ತವರಿನ ದಾರಿ ಮುಚ್ಚಿತ್ತು.

ಊರಿನ ದೊಡ್ಡ ಸಂಗತಿಗಳನ್ನೂ ಗೂಟದಂತೆ ಬಳಸಿಕೊಳ್ಳಿ. ವಯಸ್ಸಾದವರು 1980ರಲ್ಲಿ ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದದ್ದು, 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡದ್ದು ನೆನಪು ಮಾಡಿಕೊಳ್ಳಬಹುದು. ಆಗ ನೀವು ತವರಿನಲ್ಲಿದ್ದಿರೋ, ಗಂಡನ ಮನೆಯಲ್ಲೋ? ಚಿಕ್ಕವರಿಗೆ 2016ರ ನವೆಂಬರಿನ ನೋಟು ರದ್ದತಿ ಇದೆ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ರೊಕ್ಕ ಗಂಡನ ಕಣ್ಣಿಗೆ ಬಿದ್ದದ್ದು ಎಷ್ಟು ಜನಕ್ಕೆ ಆಗಲೇ! 2019ರ ಆಗಸ್ಟಿನ ಮಳೆ ಇದೆ, 2020ರ ಮಾರ್ಚಿನ ಲಾಕ್‌ಡೌನ್ ಇದೆ, 2023ರ ಜೂನಿನಲ್ಲಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾದದ್ದು ಇದೆ. ಆ ಬಸ್ಸಿನಲ್ಲಿ ಮೊದಲ ಸಲ ಎಲ್ಲಿಗೆ ಹೋದಿರಿ? ಒಬ್ಬ ಅಜ್ಜಿ ಕೇಳದೇ ಹೇಳಿದಳು, ಹದಿನೇಳು ವರ್ಷದ ಮೇಲೆ ತಂಗಿಯ ಮನೆಗೆ ಹೋದೆ ಎಂದು. ಮಡಿವಾಳೇಶ್ವರನ ಜಾತ್ರೆ ನಿಮಗೆ ವರ್ಷವರ್ಷದ ಗುರುತು. ಯಾವ ಜಾತ್ರೆಗೆ ಯಾರ ಜೊತೆ ಹೋದಿರಿ, ಯಾವ ವರ್ಷ ಹೊರಗೆ ಹಣಿಕಿ ಹಾಕಲೂ ಬಿಡಲಿಲ್ಲ?

ದುಡಿಮೆಯ ನೆನಪುಗಳನ್ನು ಹೆಂಗಸರು ಮರೆತೇಬಿಡುತ್ತಾರೆ. ಗರಗದ ಖಾದಿ ಬಟ್ಟೆ ರಾಷ್ಟ್ರಧ್ವಜಕ್ಕೆ ಹೋದದ್ದು ನಾಡಿಗೆಲ್ಲ ಗೊತ್ತು. ಆ ನೂಲು ನೂತ ಕೈಗಳು ಈ ಭಾಗದ ಹೆಣ್ಣುಮಕ್ಕಳವು ಎಂಬುದು ಅಷ್ಟು ಗೊತ್ತಿಲ್ಲ. ನೂತವರು ನಿಮ್ಮಲ್ಲಿ ಯಾರಿದ್ದೀರಿ? ನಿಮ್ಮ ಅವ್ವಂದಿರು ಇದ್ದರೆ ಅವರನ್ನು ಕೇಳಿ. ದಿನಕ್ಕೆ ಎಷ್ಟು ಲಡಿ, ಕೂಲಿ ಎಷ್ಟು, ಮೊದಲನೆಯ ಕೂಲಿಯಲ್ಲಿ ಏನು ಕೊಂಡಿರಿ, ಆ ರೊಕ್ಕ ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಇತ್ತು? 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟರು. ಮುಂದಿನ ವರ್ಷ ಬೆಂಗೇರಿಯ ಖಾದಿ ಸಂಘದವರು ಅದನ್ನು ಪ್ರತಿಭಟಿಸಿದರು. ಪತ್ರಿಕೆಗಳಲ್ಲಿ ಸಂಸ್ಥೆಯ ಮಾತು ಬಂತು, ವ್ಯವಹಾರದ ಮಾತು ಬಂತು. ನೂಲಿನ ಕೆಲಸ ಕಡಿಮೆಯಾದ ಮನೆಯಲ್ಲಿ ಹೆಂಡತಿಯ ಮಾತಿಗೆ ಇದ್ದ ತೂಕವೂ ಕಡಿಮೆಯಾಯಿತೇ? ಅದನ್ನು ಹೇಳಬಲ್ಲವರು ನೀವೇ.

ಹೀಗೆ ಹೇಳಿದ್ದನ್ನು ಬರೆಯುವ ಭಾಷೆಯ ಬಗ್ಗೆ ಒಂದು ಮಾತು. ಇದರ ಬಗ್ಗೆ ನನಗೆ ಹಟ ಇದೆ. ನಾವು ಮಾತಾಡುವ ಹಾಗೆಯೇ ಬರೆಯಬೇಕು. “ಅಂವ ನನ್ನ ಕೂದಲಾ ಹಿಡದು ಪಡಸಾಲಿಗೆ ಎಳಕೊಂಡ 
ಬಂದ” ಎಂದು ನೀವು ಹೇಳುತ್ತೀರಿ. ಬರೆದುಕೊಳ್ಳುವವರು ‘ಸದರಿ ಆರೋಪಿತನು ನನಗೆ ಮಾನಸಿಕ ಹಾಗೂ ದೈಹಿಕ ಕಿರುಕುಳ ನೀಡಿರುತ್ತಾನೆ’ ಎಂದು ಬರೆಯುತ್ತಾರೆ. ಎಲ್ಲ ಅರ್ಜಿಗಳಲ್ಲೂ ಇದೇ ಸಾಲು. ನೂರು ಹೆಣ್ಣುಮಕ್ಕಳು ಒಂದೇ ಹೆಣ್ಣುಮಗಳಾಗಿಬಿಡುತ್ತಾರೆ, ಓದಿದವರಿಗೆ ಯಾರ ಮುಖವೂ ಕಾಣುವುದಿಲ್ಲ. ಪಡಸಾಲೆ, ಕೂದಲು, ಆಗ ಒಲೆಯ ಮೇಲಿದ್ದ ಸಾರು, ಮೂಲೆಯಲ್ಲಿ ನಿಂತು ನೋಡುತ್ತಿದ್ದ ಮಗ, ಇವೆಲ್ಲ ಇದ್ದರೆ ಅದು ನಿಮ್ಮದು. ನಿಮಗೆ ಬರೆಯಲು ಬಾರದಿದ್ದರೆ ಸಂಘದಲ್ಲಿ ಬರೆಯುವ ತಂಗಿಗೆ ಹೇಳಿ, ಅವಳು ಒಂದು ಶಬ್ದವನ್ನೂ ತಿದ್ದದೆ ಬರೆದು ನಿಮಗೆ ತಿರುಗಿ ಓದಿ ಹೇಳಬೇಕು. ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟು ಆಮೇಲೆ ಬರೆದರೂ ನಡೆಯುತ್ತದೆ. ಮೊಬೈಲು ಯಾರದು, ಅದನ್ನು ಮನೆಯಲ್ಲಿ ಯಾರು ಯಾರು ತೆರೆಯುತ್ತಾರೆ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ.

ಹೊಡೆತವನ್ನೇ ಬರೆಯಬೇಡಿ. ಇದನ್ನು ನಮ್ಮ ಚಳವಳಿಯವರಿಗೂ ಹೇಳಬೇಕಾಗಿದೆ. ಸಲಹಾ ಕೇಂದ್ರದ ಕುರ್ಚಿಯಲ್ಲಿ ಕೂತು ಕೇಳಿ ಕೇಳಿ, ಹೆಣ್ಣುಮಗಳು ಬಂದ ಕೂಡಲೇ ಒಂದು ‘ಕೇಸು’ ಬಂತು ಎನ್ನುವ ಅಭ್ಯಾಸ ನಮ್ಮಲ್ಲೂ ಬೆಳೆದಿದೆ. ಈಜಲು ಕಲಿತದ್ದು, ಶಾಲೆ ಬಿಡಿಸಿದ ದಿನ ಪಾಟಿ ಒಡೆದದ್ದು, ಗೆಳತಿಯ ಜೊತೆ ಕದ್ದು ಸಿನೆಮಾ ನೋಡಿದ್ದು, ಸಂಘದ ಮೊದಲ ಸಹಿ ಹಾಕಿದ್ದು, ಇವು ಯಾವ ಅರ್ಜಿಯಲ್ಲೂ ಬರುವುದಿಲ್ಲ. ಇವಿಲ್ಲದೆ ನಿಮ್ಮ ಕತೆಯೂ ಇಲ್ಲ. ಗಂಡ ಒಳ್ಳೆಯವನಿದ್ದ ದಿನಗಳಿದ್ದರೆ ಅವನ್ನೂ ಬರೆಯಿರಿ. ಅತ್ತೆಯಾದವರು ಸೊಸೆಯ ಬಂಗಾರದ ಮಾತು ತಾವು ಎತ್ತಿದ್ದಿದ್ದರೆ ಅದನ್ನೂ ಬರೆಯಲಿ. ಅದನ್ನು ಬರೆದ ಅತ್ತೆ ಇನ್ನೂ ನನಗೆ ಸಿಕ್ಕಿಲ್ಲ, ಸಿಗುವವರೆಗೆ ಕಾಯುತ್ತೇನೆ.

ಬಿಟ್ಟುಹೋಗುವ ಇನ್ನೊಂದು ಸಂಗತಿ ಇದೆ. “ಹೊಡದಿಲ್ಲ ಬಿಡ್ರಿ, ಬರೇ ಬೈತಾನ” ಎಂದು ಎಷ್ಟೋ ಜನ ಬರೆಯುವುದನ್ನೇ ಬಿಡುತ್ತಾರೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಆ ಕಾಯ್ದೆಯ ಪ್ರಕಾರ ಬೈಗುಳ, ಹೀಯಾಳಿಕೆ, ಮನೆಖರ್ಚಿಗೆ ಕೊಡದೇ ಇರುವುದು, ಸ್ತ್ರೀಧನ ಕಸಿದುಕೊಳ್ಳುವುದು ಎಲ್ಲವೂ ಹಿಂಸೆಯೇ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳು. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ, ವರದಕ್ಷಿಣೆ ಸಾವಿನ 304ಬಿ ಈಗ 80 ಆಗಿದೆ. 181ಕ್ಕೆ ಫೋನು ಮಾಡಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಪುಕ್ಕಟೆ. ವರದಕ್ಷಿಣೆ ಕೊಟ್ಟದ್ದನ್ನು ಬರೆದರೆ ನಿಮ್ಮ ಮೇಲೇ ಕೇಸಾಗುತ್ತದೆ ಎಂದು ಹೆದರಿಸುವವರಿದ್ದಾರೆ. ನೊಂದವರು ಕೊಟ್ಟ ಹೇಳಿಕೆಯ ಮೇಲೆ ಅವರ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ ಎಂದು ವರದಕ್ಷಿಣೆ ನಿಷೇಧ ಕಾಯ್ದೆಯ 7ನೆಯ ಕಲಮಿನಲ್ಲೇ ಹೇಳಿದೆ.

ಆದರೂ ಜೀವನದ ಕತೆ ಬೇರೆ, ಫಿರ್ಯಾದಿ ಬೇರೆ ಎಂಬುದು ನೆನಪಿರಲಿ. ಫಿರ್ಯಾದಿ ಕೊಡಬೇಕಾಗಿ ಬಂದರೆ ವಕೀಲರೊಡನೆ ಕೂತು ಬೇರೆಯಾಗಿ ಬರೆಯಿರಿ, ಕತೆಯ ಪುಸ್ತಕ ಅದಕ್ಕೆ ನೆನಪಿನ ಕಣಜವಾಗಲಿ. ಬರೆದ ದಿನದ ತಾರೀಖನ್ನು ಮೇಲೆ ಹಾಕಿ. ಹಿಂದೆ ಬರೆದದ್ದನ್ನು ಅಳಿಸಿ ತಿದ್ದಬೇಡಿ, ಬೇರೆ ನೆನಪಾದರೆ ಮುಂದಿನ ಪುಟದಲ್ಲಿ ಬರೆಯಿರಿ. ಮನೆಯಲ್ಲಿ ಅಪಾಯ ಇದ್ದವರು ಪುಸ್ತಕವನ್ನು ಮನೆಯಲ್ಲಿ ಇಡಲೇಬೇಡಿ. ಅಕ್ಕನ ಹತ್ತಿರ, ನಂಬಿಕೆಯ ಗೆಳತಿಯ ಟ್ರಂಕಿನಲ್ಲಿ ಇಡಿ. ಸಂಘದ ಕಪಾಟಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂಬುದನ್ನು ತಿಳಿದುಕೊಂಡು ಅಲ್ಲಿ ಇಡಬೇಕೋ ಬೇಡವೋ ನೋಡಿ. ಓದಿ ತೋರಿಸಬೇಕೆಂಬ ಬಲವಂತ ಯಾರ ಮೇಲೂ ಬೇಡ. ಒಬ್ಬಾಕೆ ಸಭೆಯಲ್ಲಿ ಓದಿದ್ದು ಮರುದಿನ ಬಾವಿಕಟ್ಟೆಗೆ ಬಂತೆಂದರೆ ಅವತ್ತಿಗೆ ಈ ಕೆಲಸ ಮುಗಿಯಿತು ಎಂದೇ ತಿಳಿಯಿರಿ. ಮೊದಲನೆಯ ಸಭೆಯಲ್ಲಿ ಇದರ ಬಗ್ಗೆ ಠರಾವು ಮಾಡಿ, ಎಲ್ಲರೂ ಸಹಿ ಹಾಕಿ. ಮುಂದೆ ನಮ್ಮ ಪತ್ರಿಕೆಗೆ ಕಳಿಸುವುದಾದರೆ ಹೆಸರು, ಊರು ಬದಲಿಸಿಯೇ ಹಾಕುತ್ತೇವೆ.

ಬಹಳ ಮಾತಾಯಿತು. ಊಟಕ್ಕೆ ಇನ್ನೂ ಅರ್ಧ ತಾಸು ಇದೆ. ಇಬ್ಬಿಬ್ಬರು ಎದುರುಬದುರು ಕೂಡ್ರಿ, ಬರೆಯಲು ಬರುವವರೊಬ್ಬರು, ಬಾರದವರೊಬ್ಬರು. ಲಗ್ನವಾದ ಮೇಲಿನ ಒಂದೇ ಒಂದು ಪಂಚಮಿಯನ್ನು ಹೇಳಿ, ನಿಮಗೆ ಬೇಕಾದದ್ದು. ಅಣ್ಣ ಬಂದನೋ, ಯಾರು ಬಾಗಿಲು ತೆರೆದರು, ನೀವು ಏನು ಉಟ್ಟಿದ್ದಿರಿ, ಯಾರು ಏನೆಂದರು? ಕಾಗದ, ಪೆನ್ನು ಆ ಬುಟ್ಟಿಯಲ್ಲಿವೆ. ಹಿಂದಿನ ಸಾಲಿನ ಅವ್ವಂದಿರೇ, ಮುಂದೆ ಬರ್ರಿ.